ನಲವತ್ತು ಡಾಲರಿನ ಕಿರುಚು

ಟೊಲಿಡೊದಲ್ಲಿ ನಾನು ಮಹಡಿ ಬಾಡಿಗೆ ಹಿಡಿದ ವರ್ಷ,
ಅಕ್ಟೋಬರಿನ ಮೊದಲ ವಾರವೇ,
ಕೆಳಗಿನ ಮನೆಯಲ್ಲಿ ಕಿಟಾರನೆ ಕಿರುಚಿತು ಒಂದು ಹೆಣ್ಣುದನಿ.
ಬಸ್ ಡಿಪೋದ ಎರಡನೇ ಪಾಳಿ ಮುಗಿಸಿ ಬಂದು
ಇನ್ನೂ ಒಂದೇ ಬೂಟು ಬಿಚ್ಚಿದ್ದೆ.
ಕೈಗೆ ಸಿಕ್ಕ ಪಾನಾ ಹಿಡಿದು ಒಂಟಿ ಬೂಟಿನಲ್ಲೇ
ದಡಬಡ ಇಳಿದು ಬಾಗಿಲು ಬಡಿದರೆ

ತೆರೆದವಳು ಮನೆಯೊಡತಿ ವಿಲ್ಮಾ ಕೋವಾಚ್.
ಕಂಕುಳಲ್ಲಿ ಜೋಳದರಳಿನ ಬಟ್ಟಲು,
ಗಂಟಲಿಗೆ ಅಡ್ಡ ಒಂದು ಹಳೆಯ ಹೊಲಿಗೆ.
"ಪಾನಾ ಅಲ್ಲಿಡು, ಒಟಿಸ್," ಅಂದಳು.
ದನಿಯಲ್ಲ ಅದು, ಕಾಗದ ಸವರಿದಂಥ ಉಸಿರು.
"ಕಿರುಚಿದ್ದು ನಾನೇ. ಕೂತುಕೋ,
ಇನ್ನೊಮ್ಮೆ ಬರುತ್ತದೆ, ನೆಲಮಾಳಿಗೆಯ ಸೀನಿನಲ್ಲಿ."

ಹತ್ತೊಂಬತ್ತರಲ್ಲಿ ಅವಳು ಡೆಟ್ರಾಯಿಟಿನ ಸ್ಟುಡಿಯೋ ಒಂದರ ಟೈಪಿಸ್ಟು.
ಟ್ರ್ಯಾಕ್ಟರಿನ ಜಾಹೀರಾತು ತೆಗೆಯುತ್ತಿದ್ದವರು
ದುಡ್ಡಿನ ಆಸೆಗೆ ದೆವ್ವದ ಚಿತ್ರಕ್ಕೆ ಕೈಹಾಕಿದ್ದರು.
ನಾಯಕಿ ಚೆಲುವೆ, ನಿಜ; ಕಿರುಚು ಅಂದರೆ ಕೆಮ್ಮುತ್ತಿದ್ದಳು.
ಧ್ವನಿಯವನು ಆಫೀಸಿಗೆ ಇಣುಕಿ ಕೇಳಿದನಂತೆ:
ಇಲ್ಲಿ ಯಾರಿಗಾದರೂ ಕಿರುಚಲು ಬರುತ್ತದೆಯೇ?

ಮೊದಲನೆಯದು ಇಲಿ ಕಂಡವಳ ಕಿರುಚು.
ಎರಡನೆಯದು ಇಲಿ ಕಂಡವಳನ್ನು ಅಣಕಿಸಿದವಳದು.
ಮೂರನೆಯದಕ್ಕೆ
ಮೀಟರಿನ ಮುಳ್ಳು ಕೆಂಪು ದಾಟಿ ಹೊಡೆದುಕೊಂಡಿತು.
ಅವನು ಹೆಡ್‌ಫೋನು ಕಿತ್ತಿಟ್ಟು
ಬಹಳ ಹೊತ್ತು ಅವಳ ಮುಖ ನೋಡಿದ.
ನಲವತ್ತು ಡಾಲರು. ರಸೀದಿಗೆ ಒಂದು ಸಹಿ.
ಆ ಮಧ್ಯಾಹ್ನವೇ ಬಾಕಿ ಕಾಗದಗಳನ್ನೆಲ್ಲ ಟೈಪು ಮಾಡಿದಳು,
ಒಂದಕ್ಷರ ತಪ್ಪದೆ.

ಆಮೇಲೆ ಹೊರಟಿತು ಆ ಕಿರುಚು ದೇಶಾಂತರ,
ಡಬ್ಬಿಯಿಂದ ಡಬ್ಬಿಗೆ, ಸಾಲಕ್ಕೆ, ಕ್ರಯಕ್ಕೆ, ಕದ್ದು.
ಜೌಗಿನಲ್ಲಿ ಕಾಲು ಹೂತ ನರ್ಸಿಗೆ ಅದೇ,
ಗಡಿಯಾರದಂಗಡಿಯ ವಿಧವೆಗೂ ಅದೇ,
ಒಮ್ಮೆ, ವೇಗ ತಗ್ಗಿಸಿ, ಒಂದು ಕುದುರೆಗೂ.
ಯಾರದೋ ಬಾಯಿ, ಇವಳ ಗಂಟಲು.
ಗಂಟಲಿಗೆ ಮಾತ್ರ ಸುದ್ದಿ ಬರಲಿಲ್ಲ, ದುಡ್ಡೂ ಬರಲಿಲ್ಲ.
ಕೊನೆಗೆ ಬಂದದ್ದು ಗಡ್ಡೆ, ಡಾಕ್ಟರು, ಕತ್ತರಿ.

ಅದಕ್ಕೇ ಅಕ್ಟೋಬರು ಬಂತೆಂದರೆ
ಮೂವತ್ತೊಂದು ರಾತ್ರಿ ಟಿವಿ ಆರುವುದಿಲ್ಲ.
ಕರೆಂಟು ಬಿಲ್ಲಿನ ಲಕೋಟೆಗಳ ಬೆನ್ನಿಗೆ
ಚಿತ್ರದ ಹೆಸರು, ನಿಮಿಷ, ಸತ್ತವಳ ಹೆಸರು.
ರಕ್ತ ಹರಿದರೆ "ಟೊಮೇಟೊ," ಅನ್ನುತ್ತಾಳೆ.
ಪಿಶಾಚಿ ಮೆಟ್ಟಿಲು ಹತ್ತುವಾಗ ಎದ್ದು ಹೋಗಿ ಚಹಾ ಕಾಸುತ್ತಾಳೆ.
ಯಾವಳೋ ಹುಡುಗಿ ಕದದ ಹಿಡಿಗೆ ಕೈಯಿಟ್ಟಳೋ,
ಬಟ್ಟಲಿನಲ್ಲಿ ಅವಳ ಬೆರಳು ನಿಲ್ಲುತ್ತದೆ.

ಈಗ ನನಗೂ ಗುರುತು ಸಿಗುತ್ತದೆ:
ಶುರುವಿಗೆ ಬಿಕ್ಕಳಿಕೆಯಂಥ ಸಣ್ಣ ಒಡಕು,
ಆಮೇಲೆ ನೆಟ್ಟಗೆ ಏರು,
ಕೊನೆಯಲ್ಲಿ ಯಾರನ್ನೋ ಕೂಗಹೋಗಿ
ಹೆಸರು ನೆನಪಾಗದೆ ನಿಂತಂತೆ.

ಹ್ಯಾಲೋವೀನ್ ಸಂಜೆ ಬಂದವು ಬೀದಿಯ ಮಕ್ಕಳು:
ಎರಡು ಮಾಟಗಾತಿ, ಒಂದು ಬೆಂಕಿ ಇಂಜಿನ್,
ದುಪ್ಪಟಿ ಹೊದ್ದ ಒಂದು ಗಿಡ್ಡ ಭೂತ.
ಕಣ್ಣಿನ ತೂತು ಒಂದು ಮೇಲೆ, ಒಂದು ಕೆಳಗೆ.
"ಭೌ!" ಅಂದಿತು ಭೂತ.
ಹೆದರಿಸುವುದಕ್ಕೆ ಹೆದರಿಕೆಯೇ ಮರ್ಯಾದೆ;
ವಿಲ್ಮಾ ಎದೆ ಹಿಡಿದು ಬಾಯಿ ದೊಡ್ಡದಾಗಿ ತೆರೆದಳು.
ಗಾಳಿ ಬಂತು.
ಭೂತ ಅವಳ ಬಾಯೊಳಗೇ ಇಣುಕಿ ನೋಡಿ,
"ನಿನ್ನ ದನಿ ಎಲ್ಲಿ?" ಅಂತು.
ಅವಳು ಹೆಬ್ಬೆರಳಿನಿಂದ ಬೆನ್ನ ಹಿಂದಿನ ಟಿವಿ ತೋರಿಸಿ
ಎರಡು ಚಾಕೊಲೇಟು ಹೆಚ್ಚಿಗೆ ಕೊಟ್ಟಳು.

ಆ ರಾತ್ರಿ ಕೊನೆಯ ಚಿತ್ರ ಮುಗಿದಾಗ ಕೇಳಿಯೇ ಬಿಟ್ಟೆ:
ವಿಲ್ಮಾ, ಆ ಮೂರನೆಯದು ಎಲ್ಲಿಂದ ಬಂತು?

ಟಿವಿಯ ನೀಲಿ ಅವಳ ಹೊಲಿಗೆಯ ಮೇಲೆ ಆಡುತ್ತಿತ್ತು.
ಬಟ್ಟಲನ್ನು ನನ್ನ ಕಡೆ ತಳ್ಳಿದಳು.
ತಳದಲ್ಲಿ ಉಪ್ಪು, ಅರಳದೆ ಉಳಿದ ನಾಲ್ಕು ಕಾಳು.
ಒಂದನ್ನು ಕಡಿದೆ.
ದವಡೆಯಿಂದ ನೆತ್ತಿಯವರೆಗೆ ಝುಂ ಎಂದಿತು.